ಕೊಡಗಿನ ಮಳೆಗೆ ಮಾಡಿನ ಪ್ಲೈವುಡ್ ಉಬ್ಬಿದರೆ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಕಳೆದ ಆಗಸ್ಟಿನಲ್ಲಿ ಮೂರ್ನಾಡಿನ ಆಚೆ ಒಂದು ಹೋಂಸ್ಟೇಗೆ ಕರೆದಿದ್ದರು. ಮಾಡಿನ ಮೇಲೆ ಶಿಂಗಲ್ಸ್ (ಹೆಂಚಿನ ಬದಲು ಮೊಳೆ ಹೊಡೆದು ಕೂರಿಸುವ ತೆಳು ಡಾಂಬರು ಹಾಳೆಗಳು), ಅದರಡಿ 12 ಮಿ.ಮೀ. ಪ್ಲೈವುಡ್, ಅದನ್ನು ಹೊತ್ತ ಜಿಐ ಪೈಪಿನ ಫ್ರೇಮು, ಕೆಳಗೆ ಜಿಪ್ಸಂ ಸೀಲಿಂಗು. ಕಟ್ಟಿ ಎರಡನೇ ಮಳೆಗಾಲ. ಅಂಗಳದಲ್ಲಿ ನಿಂತು ನೋಡಿದರೆ ಮಾಡು ಸುಟ್ಟ ಹಪ್ಪಳದ ಹಾಗೆ ಅಲೆಅಲೆಯಾಗಿ ಎದ್ದಿತ್ತು. ಸೋರುತ್ತಿದೆ ಅಂತ ಮೂರು ಸಲ ಮೇಲಿಂದ ಡಾಂಬರು ಬಳಿಸಿದ್ದರಂತೆ. ‘ಪ್ಲೈ ಡೂಪ್ಲಿಕೇಟ್ ಕೊಟ್ಟು ಮೋಸ ಮಾಡಿದ್ದಾರೆ’ ಅಂತ ಮಾಲೀಕರಿಗೆ ಅಂಗಡಿಯವರ ಮೇಲೆ ಸಿಟ್ಟು. ಹೊರಗಿನಿಂದ ನೋಡಿ ನಾನೂ ಹೌದು ಅಂದಿದ್ದೆ.

ಸೀಲಿಂಗಿನ ಒಂದು ತುಂಡು ಬಿಚ್ಚಿಸಿ ತಲೆ ತೂರಿಸಿ ಟಾರ್ಚ್ ಹಾಕಿದೆ. ಪ್ಲೈ ದಾಟಿ ಕೆಳಗೆ ಇಣುಕಿದ್ದ ಶಿಂಗಲ್ಸ್ ಮೊಳೆಗಳ ತುದಿಗಳೆಲ್ಲ ಒಂದೇ ಸಮ ತುಕ್ಕು. ಪ್ರತಿ ತುದಿಗೂ ಸಾಸಿವೆ ಕಾಳಿನಷ್ಟು ನೀರ ಹನಿ ನೇತಾಡುತ್ತಿತ್ತು, ಟಾರ್ಚಿನ ಬೆಳಕಿಗೆ ಸೀರಿಯಲ್ ಸೆಟ್ ಹಚ್ಚಿದ ಹಾಗೆ. ಮಳೆ ನೀರು ಸೋರಿದ್ದರೆ ಹೀಗಾಗುವುದಿಲ್ಲ. ಸೋರುವ ನೀರು ಒಂದು ದಾರಿ ಹಿಡಿಯುತ್ತದೆ, ಆ ಸಾಲಿನ ಮೊಳೆಗಳನ್ನಷ್ಟೇ ತಿನ್ನುತ್ತದೆ. ಎಲ್ಲ ಮೊಳೆಗೂ ಸಮನಾಗಿ ಹಂಚುವುದು ಆವಿ ಮಾತ್ರ. ಇದು ಮೇಲಿನಿಂದ ಬಂದ ನೀರಲ್ಲ, ಮನೆಯೊಳಗಿನಿಂದಲೇ ಹೋದದ್ದು.

ಕೊಡಗಿನಲ್ಲಿ ಮಾಡಿನ ಪ್ಲೈವುಡ್ ಹಾಳಾಯಿತು ಅಂತ ಬರುವ ಕರೆಗಳಲ್ಲಿ ನಾನು ಕಂಡಂತೆ ಅರ್ಧಕ್ಕರ್ಧ ಪ್ಲೈನ ತಪ್ಪಲ್ಲ. ನೀರು ಹೇಗೆ ಒಳಗೆ ಬಂತು ಅನ್ನುವ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಬಂದ ನೀರು ಹೊರಗೆ ಹೋಗಲು ದಾರಿ ಎಲ್ಲಿ ಅಂತ ಕೇಳುವವರು ಕಡಿಮೆ. ಬೆಂಗಳೂರಿನಲ್ಲಿ ಒಂದು ಮಳೆ ಬಂದರೆ ಮರುದಿನ ಬಿಸಿಲು ಬಿದ್ದು ಪ್ಲೈ ಒಣಗುತ್ತದೆ. ಇಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ಅಂಗಳದಲ್ಲಿ ಹಾಕಿದ ಚಡ್ಡಿಯೇ ಒಣಗುವುದಿಲ್ಲ, ಮಾಡಿನ ಸಂದಿಯಲ್ಲಿ ಸಿಕ್ಕಿದ ಪ್ಲೈ ಎಲ್ಲಿ ಒಣಗೀತು?

ಅದೂ ಕೊಡಗು ಅಂದರೆ ಒಂದೇ ಕೊಡಗಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವುದು ಮಾಮೂಲು, ತೋಟದವರ ಲೆಕ್ಕದಲ್ಲಿ 120 ಇಂಚು. ಭಾಗಮಂಡಲದ ಕಡೆ ಅದಕ್ಕಿಂತ ಬಹಳ ಹೆಚ್ಚು. ಕುಶಾಲನಗರಕ್ಕೆ ಇಳಿದರೆ ಮಡಿಕೇರಿಯ ಮೂರನೇ ಒಂದು ಪಾಲಿನ ಆಸುಪಾಸು. ಒಂದೇ ಲೋಡಿನ ಪ್ಲೈ ಕುಶಾಲನಗರದ ಮನೆಯಲ್ಲಿ ಆರು ವರ್ಷವಾದರೂ ಗಟ್ಟಿಯಾಗಿದ್ದು, ಚೇರಂಬಾಣೆ ಕಡೆ ಮೂರನೇ ವರ್ಷಕ್ಕೆ ಕುಂಬಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ‘ನಮ್ಮ ಭಾವನ ಮನೆಯಲ್ಲಿ ಇದನ್ನೇ ಹಾಕಿದ್ದು, ಏನೂ ಆಗಿಲ್ಲ’ ಅನ್ನುವ ಮಾತಿಗೆ ಭಾವನ ಮನೆ ಯಾವ ಊರಲ್ಲಿ ಅಂತ ಮೊದಲು ಕೇಳುತ್ತೇನೆ.

ಯಾವಾಗ ತೊಟ್ಟಿಕ್ಕುತ್ತದೆ?

ಏಣಿ ಹತ್ತುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಜೋರು ಮಳೆ ಶುರುವಾಗಿ ಹತ್ತು ಹದಿನೈದು ನಿಮಿಷದಲ್ಲಿ ತೊಟ್ಟಿಕ್ಕಿದರೆ ಮೇಲೆ ತೂತಿದೆ. ಗಾಳಿ ಜೊತೆ ಪಶ್ಚಿಮದಿಂದ ಓರೆಯಾಗಿ ಹೊಡೆದಾಗ ಮಾತ್ರ ಬಂದರೆ ಗೋಡೆ-ಮಾಡು ಸೇರುವ ಫ್ಲಾಶಿಂಗ್ (ಸಂದಿ ಮುಚ್ಚುವ ತಗಡು) ಅಥವಾ ಕೋಳಿನ, ಅಂದರೆ ಮಾಡಿನ ನೆತ್ತಿಯ, ಸಂದಿ ನೋಡಿ. ಮಳೆ ನಿಂತು ಅರ್ಧ ದಿನದ ಮೇಲೂ ಒಂದೇ ಜಾಗದಲ್ಲಿ ಹನಿಯುತ್ತಿದ್ದರೆ ಎಲ್ಲೋ ನೀರು ಕಟ್ಟಿ ನಿಂತಿದೆ. ಎರಡು ಮಾಡು ಸೇರುವ ಕಣಿವೆಯಲ್ಲಿ ಸಿಲ್ವರ್ ಓಕ್ ಎಲೆ ತುಂಬಿರುತ್ತದೆ, ನೂರಕ್ಕೆ ತೊಂಬತ್ತು ಸಲ ಅದೇ.

ಇನ್ನೊಂದು ಜಾತಿ ಇದೆ, ಜನ ನಂಬುವುದೇ ಇಲ್ಲ. ಡಿಸೆಂಬರ್-ಜನವರಿಯಲ್ಲಿ, ತಿಂಗಳಿಂದ ಮಳೆಯ ಸುಳಿವಿಲ್ಲದಾಗ, ಬೆಳಿಗ್ಗೆ ಎಂಟು ಗಂಟೆಗೆ ಬಿಸಿಲು ಬಿದ್ದ ಕೂಡಲೇ ಸೀಲಿಂಗಿನಿಂದ ಟಪ್ ಟಪ್ ಶುರು. ರಾತ್ರಿ ಆಕಾಶ ತಿಳಿಯಾಗಿದ್ದರೆ ಮಾಡಿನ ಮೇಲ್ಮೈ ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ಸ್ನಾನದ ಆವಿ, ಅಡುಗೆ ಆವಿ, ಮಲಗಿದವರ ಉಸಿರು ಮೇಲೇರಿ ಅಲ್ಲಿ ಹನಿಗಟ್ಟುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವ ಹಾಗೇ ಇದು. ಇದಕ್ಕೆ ಮೇಲಿಂದ ಎಷ್ಟು ಡಾಂಬರು ಬಳಿದರೂ ಪ್ರಯೋಜನ ಇಲ್ಲ. ನಿಜ ಹೇಳಬೇಕೆಂದರೆ ಹೆಚ್ಚೇ ಹಾಳು, ಇದ್ದಬದ್ದ ಸಂದಿಯನ್ನೂ ಮುಚ್ಚಿ ಆವಿಯನ್ನು ಒಳಗೇ ಕೂಡಿಹಾಕಿದ ಹಾಗಾಗುತ್ತದೆ.

ಉಬ್ಬು ಎಲ್ಲಿದೆ?

ಹಾಳೆಯ ಯಾವ ಭಾಗ ಕೆಟ್ಟಿದೆ ಅನ್ನುವುದು ಕಾರಣವನ್ನು ಬಹುಪಾಲು ಹೇಳಿಬಿಡುತ್ತದೆ.

ಹಾಳೆ-ಹಾಳೆ ಸೇರುವ ಗೆರೆಯುದ್ದಕ್ಕೂ ಏಣು ಎದ್ದಿದ್ದರೆ ಸಂದಿ ಬಿಡದೆ ಒತ್ತಿ ಕೂರಿಸಿದ್ದಾರೆ. ಪ್ಲೈ ತೇವ ಹೀರಿದಾಗ ಅಗಲವಾಗುತ್ತದೆ, ಸ್ವಲ್ಪವೇ, ಆದರೆ ಆ ಸ್ವಲ್ಪಕ್ಕೂ ಜಾಗ ಬೇಕು. ಹಾಳೆಗಳ ನಡುವೆ 3 ಮಿ.ಮೀ. ಬಿಡಬೇಕು. ಅಳತೆಗೆ ಏನೂ ಬೇಡ, ಒಂದು 10 ಗೇಜ್ ಮೊಳೆ ಅಡ್ಡ ಇಟ್ಟು ಹಾಳೆ ಕೂರಿಸಿ, ಮೊಳೆ ತೆಗೆದು ಮುಂದಿನದಕ್ಕೆ ಹೋಗಿ. ನಮ್ಮ ಆಚಾರಿಗಳಿಗೆ ಇದು ಅವಮಾನದ ಕೆಲಸ. ಕೂದಲೂ ತೂರದ ಹಾಗೆ ಜೋಡಿಸುವುದೇ ಅವರ ಕೈಚಳಕದ ಗುರುತು. ಬೀರುವಿಗೆ ಅದು ಸರಿ, ಮಾಡಿಗೆ ಅಲ್ಲ.

ಏಣಿಲ್ಲದೆ ಪೈಪಿನಿಂದ ಪೈಪಿಗೆ ಹೊಟ್ಟೆ ಜೋತುಬಿದ್ದಿದ್ದರೆ ಹಾಳೆ ತೆಳ್ಳಗಾಯಿತು ಅಥವಾ ಪೈಪು ದೂರವಾಯಿತು. 12 ಮಿ.ಮೀ.ಗೆ ಒಂದೂಕಾಲಡಿಗೊಂದು ಆಸರೆ, 18-19 ಮಿ.ಮೀ.ಗೆ ಎರಡಡಿಗೊಂದು ಅನ್ನುವುದು ಈ ಮಳೆಸೀಮೆಗೆ ನಾನು ಇಟ್ಟುಕೊಂಡ ಲೆಕ್ಕ. ಜೊತೆಗೆ ಹಾಳೆಯ ಎಂಟಡಿ ಉದ್ದ ಆಸರೆಗಳಿಗೆ ಅಡ್ಡಲಾಗಿ ಹೋಗಬೇಕು, ಏಕೆಂದರೆ ಮೇಲ್ಪದರದ ನಾರು ಆ ಉದ್ದಕ್ಕೇ ಇರುತ್ತದೆ. ಕತ್ತರಿಸುವುದು ಉಳಿಯುತ್ತದೆ ಅಂತ ಆಸರೆಯುದ್ದಕ್ಕೇ ಮಲಗಿಸಿದರೆ ಅದೇ ಹಾಳೆಯ ಶಕ್ತಿ ಕುಗ್ಗುತ್ತದೆ.

ಸೂರಿನ ಅಂಚಿನಲ್ಲಿ ಮಾತ್ರ ಪುಸ್ತಕ ಬಿಚ್ಚಿದ ಹಾಗೆ ಪದರ ತೆರೆದಿದ್ದರೆ ಡ್ರಿಪ್ ಎಡ್ಜ್ (ನೀರನ್ನು ಆಚೆ ಬೀಳಿಸುವ ಅಂಚಿನ ತಗಡು) ಇಲ್ಲ. ಶಿಂಗಲ್ಸ್ ಅಂಚಿನಿಂದ ಇಳಿದ ನೀರು ಕೆಳಗೆ ಬೀಳದೆ ಹಿಂದಕ್ಕೆ ತಿರುಗಿ ಪ್ಲೈನ ಕಡೆಯನ್ನು (ಅಂಚಿನ ದಪ್ಪವನ್ನು) ನೆಕ್ಕುತ್ತಿದೆ. ಪ್ಲೈವುಡ್ ನೀರು ಕುಡಿಯುವುದೇ ಹೆಚ್ಚಾಗಿ ಕಡೆಯಿಂದ. ಅಂಗಡಿಯಿಂದ ಬಂದ ಹಾಳೆಯ ನಾಲ್ಕು ಕಡೆಗೂ, ಸೈಟಿನಲ್ಲಿ ಕತ್ತರಿಸಿದ ಪ್ರತಿ ಹೊಸ ಕಡೆಗೂ, ಎಪಾಕ್ಸಿ ಅಥವಾ ಅಲ್ಯೂಮಿನಿಯಂ ಪೇಂಟು ಎರಡು ಕೈ ಹೊಡೆಯಬೇಕು. ಕತ್ತರಿಸಿದ ಕಡೆಯನ್ನು ಯಾರೂ ಬಳಿಯುವುದಿಲ್ಲ, ಅಲ್ಲೇ ಕೊಳೆ ಶುರುವಾಗುವುದು.

ಇನ್ನು ಹಾಳೆಯ ನಟ್ಟನಡುವೆ, ಯಾವ ಕಡೆಗೂ ಸಂಬಂಧವಿಲ್ಲದೆ, ಪೂರಿಯ ಹಾಗೆ ಗುಳ್ಳೆ ಎದ್ದಿದ್ದರೆ ಆಗ ಪ್ಲೈಯನ್ನೇ ಅನುಮಾನಿಸಬಹುದು. ಒಂದು ನಾಣ್ಯ ತೆಗೆದುಕೊಂಡು ಬಡಿಯುತ್ತ ಹೋಗಿ. ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಟೊಳ್ಳಾದ ಕಡೆ ಒಳಪದರದ ತುಂಡುಗಳು ಒಂದಕ್ಕೊಂದು ಸೇರಿಲ್ಲ, ಅಥವಾ ಅಂಟು ಬಿಟ್ಟಿದೆ.

ಅಂಟು ಸೋತಿತೋ, ಮರ ಸೋತಿತೋ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅಂಗಡಿಯಲ್ಲಿ ನಡೆಯುವ ಮಾತೆಲ್ಲ ಅಂಟಿನ ಬಗ್ಗೆ. ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್), ಬಿಡಬ್ಲ್ಯುಆರ್ (ಬಾಯ್ಲಿಂಗ್ ವಾಟರ್ ರೆಸಿಸ್ಟೆಂಟ್), ಬಿಡಬ್ಲ್ಯುಪಿ (ಬಾಯ್ಲಿಂಗ್ ವಾಟರ್ ಪ್ರೂಫ್) ಅನ್ನುವ ಮೂರು ದರ್ಜೆಗಳು ಮುಖ್ಯವಾಗಿ ಅಂಟು ನೀರಿಗೆ ಎಷ್ಟು ತಾಳುತ್ತದೆ ಅಂತ ಹೇಳುತ್ತವೆ. ಎಂಆರ್‌ನಲ್ಲಿ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು, ಗಾಳಿಯ ತೇವ ತಾಳುತ್ತದೆ, ನೀರು ತಾಳುವುದಿಲ್ಲ. ಬಿಡಬ್ಲ್ಯುಆರ್, ಬಿಡಬ್ಲ್ಯುಪಿಗಳಲ್ಲಿ ಫೀನಾಲ್ ಫಾರ್ಮಾಲ್ಡಿಹೈಡ್ ಇರಬೇಕು. ಮೊದಲ ಎರಡು ಐಎಸ್ (ಭಾರತೀಯ ಮಾನದಂಡ) 303ರ ಅಡಿ ಬರುತ್ತವೆ, ಬಿಡಬ್ಲ್ಯುಪಿ ಅಂಟಿನ ಮೆರೈನ್ ಪ್ಲೈ ಐಎಸ್ 710ರ ಅಡಿ. ಬಿಡಬ್ಲ್ಯುಆರ್ ಅಂಟು 8 ಗಂಟೆ, ಬಿಡಬ್ಲ್ಯುಪಿ ಅಂಟು 72 ಗಂಟೆ ಕುದಿಯುವ ನೀರಿನಲ್ಲಿ ಬಿಡದೆ ಇರಬೇಕು ಅನ್ನುವುದು ಪರೀಕ್ಷೆ.

ಮನೆಯಲ್ಲೇ ಮಾಡಿ ನೋಡಬಹುದು. ಕೆಟ್ಟ ಜಾಗದ ಪಕ್ಕದ ಗಟ್ಟಿ ಭಾಗದಿಂದ ಎರಡಿಂಚು ಚೌಕದ ಎರಡು ತುಂಡು ಕತ್ತರಿಸಿ. ಬಚ್ಚಲ ಒಲೆ ಉರಿಯುವ ಮನೆಯಾದರೆ ಹಳೇ ಡಬ್ಬಿಯಲ್ಲಿ ನೀರು ಹಾಕಿ, ತುಂಡು ಮುಳುಗಿಸಿ, ಮೇಲೆ ಕಲ್ಲಿಟ್ಟು ಕುದಿಯಲು ಬಿಡಿ. ಅನ್ನದ ಪಾತ್ರೆ ಬಳಸಬೇಡಿ. ಅಂಟಿನ ವಾಸನೆ ಹೋಗುವುದಿಲ್ಲ, ಒಳ್ಳೆಯದೂ ಅಲ್ಲ. ಎಂಆರ್ ತುಂಡು ಸಾಮಾನ್ಯವಾಗಿ ಬೇಗನೇ ಬಾಯಿ ಬಿಡುತ್ತದೆ. ಎಂಟು ಗಂಟೆ ದಾಟಿದರೆ ತೆಗೆದು ಆರಿಸಿ, ಚೂಪಾದ ಉಳಿಯನ್ನು ಎರಡು ಪದರಗಳ ನಡುವೆ ತೂರಿಸಿ ಮೀಟಿ. ಪದರ ಕಿತ್ತು ಬಂದ ಮೈ ಮೇಲೆ ಮರದ ನಾರು ಹರಿದು ಅಂಟಿಕೊಂಡಿದ್ದರೆ ಅಂಟು ಒಳ್ಳೆಯದು. ಗಾಜಿನ ಹಾಗೆ ನುಣುಪಾಗಿ, ನಾರಿಲ್ಲದೆ ಬಿಟ್ಟುಕೊಂಡರೆ ಅಂಟು ಕೆಟ್ಟದ್ದು. ಬಣ್ಣ ನೋಡಿ ಮೋಸ ಹೋಗಬೇಡಿ. ಫೀನಾಲ್ ಅಂಟಿನ ಗೆರೆ ಕಡುಕಂದು ಅಂತ ಎಲ್ಲರಿಗೂ ಗೊತ್ತಾದ ಮೇಲೆ ಅಗ್ಗದ ಅಂಟಿಗೂ ಬಣ್ಣ ಬೆರೆಸುವವರಿದ್ದಾರೆ.

ಹೋಂಸ್ಟೇಯ ತುಂಡನ್ನು ನಮ್ಮ ಮನೆಯ ಬಚ್ಚಲಲ್ಲಿ ರಾತ್ರಿಯಿಡೀ ಕುದಿಸಿದೆ. ಬೆಳಿಗ್ಗೆ ಅಂಟು ಅಲ್ಲಾಡಿರಲಿಲ್ಲ. ಅಂಗಡಿಯವರು ಬಿಡಬ್ಲ್ಯುಆರ್ ಅಂತ ಹೇಳಿ ಬಿಡಬ್ಲ್ಯುಆರನ್ನೇ ಕೊಟ್ಟಿದ್ದರು. ಆದರೆ ಕೋಳಿನ ಹತ್ತಿರದಿಂದ ಕಿತ್ತ ತುಂಡನ್ನು ಬೆರಳಿಂದ ಒತ್ತಿದರೆ ಒಳಪದರ ನೆನೆದ ರಸ್ಕಿನ ಹಾಗೆ ಕುಸಿಯಿತು, ಒಣಗಿಸಿದಾಗ ಕಂದು ಬಣ್ಣದ ಚಿಕ್ಕ ಚಿಕ್ಕ ಘನಗಳಾಗಿ ಒಡೆಯಿತು. ಅದು ಕಂದುಕೊಳೆ ಶಿಲೀಂಧ್ರದ ಕೆಲಸ. ಪದರಗಳ ನಡುವಿನ ಅಂಟು ಮಾತ್ರ ತೆಳು ಹಾಳೆಯಾಗಿ ಕೈಗೆ ಬಂತು. ಅಂಟು ತಿನ್ನದ ಶಿಲೀಂಧ್ರ ಅಂಟಿನ ಸುತ್ತಲಿದ್ದ ಮರವನ್ನೆಲ್ಲ ತಿಂದು ಮುಗಿಸಿತ್ತು.

ಮರದ ತೇವ ಸುಮಾರು ಶೇ. 20 ದಾಟಿ ವಾರಗಟ್ಟಲೆ ನಿಂತರೆ ಕೊಳೆಯುವ ದಾರಿ ತೆರೆಯಿತು ಅಂತಲೇ ಲೆಕ್ಕ. ಗಾಳಿಯ ತೇವ ಶೇ. 90ರ ಹತ್ತಿರ ತಿಂಗಳುಗಟ್ಟಲೆ ಇದ್ದರೆ ಒಂದು ಹನಿ ನೀರು ಬೀಳದೆಯೂ ಮರ ಶೇ. 20ರ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದರ ಮೇಲೆ ಸ್ವಲ್ಪ ಹನಿಗಟ್ಟಿದರೂ ಸಾಕು. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಚಪ್ಪಲಿ, ಬೆಲ್ಟಿಗೂ ಬೂಷ್ಟು ಬರುವುದು ಇದೇ ಕಾರಣಕ್ಕೆ. ಮೇಲ್ಮೈಯ ಬೂಷ್ಟನ್ನು ಒರೆಸಬಹುದು, ಅದು ಶಕ್ತಿ ಕಳೆಯುವುದಿಲ್ಲ. ಸ್ಕ್ರೂಡ್ರೈವರ್ ಚುಚ್ಚಿದಾಗ ಸಲೀಸಾಗಿ ಇಳಿದರೆ ಅದು ಕೊಳೆ.

ಪಿನ್ ಇರುವ ತೇವದ ಮೀಟರ್ ಇದ್ದರೆ ಒಳ್ಳೆಯದು, ಆದರೆ ಅದು ಹೇಳಿದ್ದನ್ನು ವೇದವಾಕ್ಯ ಮಾಡಬೇಡಿ. ಅಂಟಿನ ಪದರ, ಕೊಳೆಯದಿರಲಿ ಅಂತ ಮರಕ್ಕೆ ಮಾಡಿದ ಉಪಚಾರದ ಉಪ್ಪು ಎರಡೂ ಅಂಕಿಯನ್ನು ಏರುಪೇರು ಮಾಡುತ್ತವೆ. ಅದೇ ಪ್ಲೈನ ಒಣ ತುಂಡು ಮನೆಯೊಳಗಿದ್ದರೆ ಅದಕ್ಕೂ ಚುಚ್ಚಿ, ವ್ಯತ್ಯಾಸ ನೋಡಿ. ಹೋಂಸ್ಟೇಯಲ್ಲಿ ಸೂರಿನ ಬಳಿ 18, ಕೋಳಿನ ಬಳಿ 29 ಬಂತು. ಎತ್ತರದ ಜಾಗವೇ ಹೆಚ್ಚು ಒದ್ದೆ ಅಂದರೆ ಮಳೆ ಅಲ್ಲವೇ ಅಲ್ಲ ಅನ್ನಲಾಗದು, ಕೋಳೂ ಸೋರಬಹುದು. ಆದರೆ ಮೊಳೆ ತುದಿಗಳ ಸಾಕ್ಷಿ ಜೊತೆ ಸೇರಿದಾಗ ಅನುಮಾನ ಉಳಿಯಲಿಲ್ಲ. ಮೂರು ಬಾತ್‌ರೂಮುಗಳ ಎಕ್ಸಾಸ್ಟ್ ಫ್ಯಾನುಗಳು ಸೀಲಿಂಗಿನ ಮೇಲಕ್ಕೆ ಊದುತ್ತಿದ್ದವು. ಹೊರಗೆ ಪೈಪು ಕೊಟ್ಟಿರಲೇ ಇಲ್ಲ. ದಿನಕ್ಕೆ ಹತ್ತು ಹನ್ನೆರಡು ಜನರ ಬಿಸಿನೀರ ಸ್ನಾನದ ಆವಿಯೆಲ್ಲ ಪ್ಲೈಗೆ.

ಯಾವ ಪ್ಲೈ ತರಬೇಕು

ಮೊದಲ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ: ಭಾಗಮಂಡಲ, ನಾಪೋಕ್ಲು ಕಡೆಯ ಮಳೆಗೆ ಪ್ಲೈ ಇಲ್ಲದ ಮಾಡೇ ವಾಸಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗಿನಿಂದ ಘಟ್ಟದ ಮೇಲಿನ ಮನೆಗಳನ್ನು ಕಾದ ಆ ಹೆಂಚು ರೀಪಿನ ಮೇಲೆ ಸುಮ್ಮನೆ ಕೂತಿರುತ್ತದೆ, ಸಂದಿಯಲ್ಲಿ ಗಾಳಿ ಆಡುತ್ತದೆ, ಒಡೆದರೆ ಒಂದನ್ನು ಬದಲಿಸಿದರಾಯಿತು. ಮಂಗ ಹಾರಿದರೆ ಒಡೆಯುತ್ತದೆ, ಒಪ್ಪಿಕೊಂಡೆ. ಪ್ಲೈ ಬಂದದ್ದು ಶಿಂಗಲ್ಸ್ ಜೊತೆಗೆ, ಶಿಂಗಲ್ಸ್‌ಗೆ ಅಡಿಯಲ್ಲಿ ಪೂರ್ತಿ ಹಲಗೆ ಬೇಕೇ ಬೇಕು.

ಶಿಂಗಲ್ಸ್ ಬೇಕೇ ಅಂದರೆ ಐಎಸ್ 710, 18 ಮಿ.ಮೀ. ಆ ಮಾನದಂಡದಲ್ಲಿ ಅಂಟಿನ ಜೊತೆ ಮರದ ಉಪಚಾರಕ್ಕೂ ಷರತ್ತಿದೆ, ಹಣ ಕೊಡುವುದು ಅದಕ್ಕೆ. ಉಪಚರಿಸಿದ ಪ್ಲೈಗೆಂದೇ ಐಎಸ್ 5539 ಅಂತ ಬೇರೆ ಮಾನದಂಡವೂ ಇದೆ, ಸಿಕ್ಕಿದರೆ ನೋಡಿ. ಉಪಚಾರ ಬೋರಾಕ್ಸ್ ಮಾತ್ರ ಅಂದರೆ ಮಾಡಿಗೆ ಬೇಡ. ಅದು ನೀರಲ್ಲಿ ಕರಗಿ ಹೋಗುತ್ತದೆ, ಒಳಾಂಗಣಕ್ಕೆ ಸಾಕು. ತಾಮ್ರ ಇರುವ ಉಪಚಾರವಾದರೆ ಮಾಮೂಲಿ ಕಬ್ಬಿಣದ ಮೊಳೆ ಬೇಗ ತುಕ್ಕು ತಿನ್ನುತ್ತದೆ, ಹಾಟ್ ಡಿಪ್ ಗ್ಯಾಲ್ವನೈಸ್ಡ್ ಅಥವಾ ಸ್ಟೇನ್‌ಲೆಸ್ ತನ್ನಿ.

ಹಾಳೆ ಮೇಲೆ ‘ಮೆರೈನ್’ ಅಂತ ದೊಡ್ಡದಾಗಿ ಬರೆದಿರುವುದು ಬರೀ ಪೇಂಟು. ಐಎಸ್ಐ ಗುರುತು, ಅದರ ಮೇಲೆ ಐಎಸ್ 710, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ಸಂಖ್ಯೆ, ಇವು ಮೂರೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಪರವಾನಗಿ, ಯಾವ ವಸ್ತುವಿಗೆ, ಜಾರಿಯಲ್ಲಿದೆಯೋ ಇಲ್ಲವೋ ಅಂತ ತೋರಿಸುತ್ತದೆ. ಕೌಂಟರಿನಲ್ಲೇ ನಿಂತು ನೋಡಿ. ‘710 ಗ್ರೇಡ್’ ಅನ್ನುವುದು ಬೇರೆ, 710ರ ಪರವಾನಗಿ ಬೇರೆ. ಎತ್ತಿಯೂ ನೋಡಿ: ಎಂಟು-ನಾಲ್ಕಡಿಯ 18 ಮಿ.ಮೀ. ಹಾಳೆ ಒಬ್ಬನೇ ಸಲೀಸಾಗಿ ಹೆಗಲಿಗೇರಿಸುವಷ್ಟು ಹಗುರವಾಗಿದ್ದರೆ ಒಳಗೆ ಮೆತ್ತನೆಯ ಮರ ತುಂಬಿದೆ. ನಮ್ಮ ತೋಟದ ಸಿಲ್ವರ್ ಓಕ್ ಕೂಡ ಲಾರಿ ಹತ್ತಿ ಕೇರಳದ ಪೆರುಂಬಾವೂರಿನಂಥ ಕಡೆ ಹೋಗಿ ಪ್ಲೈ ಆಗಿ ತಿರುಗಿ ಬರುತ್ತದೆ. ನೆರಳಿಗೆ, ಮೆಣಸಿನ ಬಳ್ಳಿಗೆ ಒಳ್ಳೆಯ ಮರ. ಉಪಚಾರವಿಲ್ಲದೆ ಮಾಡಿಗೇರಿಸಿದರೆ ಬಾಳುವುದಿಲ್ಲ.

ಸೆಂಟ್ರಿಂಗಿಗೆ ಬಳಸಿದ ಫಿಲ್ಮ್ ಪ್ಲೈ ಉಳಿದಿದೆ, ಅದನ್ನೇ ಹಾಕಿಬಿಡೋಣ ಅನ್ನುವ ಮೇಸ್ತ್ರಿಗೆ ಬೇಡ ಅನ್ನಿ. ಕಾಂಕ್ರೀಟಿನ ನೀರು ಕುಡಿದು ಕಡೆ ಆಗಲೇ ಸತ್ತಿರುತ್ತದೆ, ಎರಡೂ ಕಡೆ ಫಿಲ್ಮ್ ಇರುವುದರಿಂದ ಒಳಗಿನ ತೇವ ಹೊರಬರದು, ಇಳಿಜಾರಿನಲ್ಲಿ ಕಾಲೂ ನಿಲ್ಲದು.

ನನ್ನದೇ ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ನಮ್ಮ ಜೀಪಿನ ಶೆಡ್ಡಿಗೆ ಉಳಿದ ಮೆರೈನ್ ಪ್ಲೈ ಹಾಕಿ, ಮೇಲೆ ಬರೀ ಎನಾಮೆಲ್ ಬಳಿದು, ಮೆರೈನ್ ಅಲ್ಲವೇ, ಸಾಕು ಅಂದುಕೊಂಡೆ. ಮೊದಲ ಬೇಸಿಗೆಯ ಬಿಸಿಲಿಗೆ ಮುಖಪದರದಲ್ಲಿ ಕೂದಲೆಳೆ ಸೀಳು, ಜೂನಿಗೆ ಅದರೊಳಗೆ ನೀರು, ಎರಡನೇ ವರ್ಷಕ್ಕೆ ಬಾಳೆಗಿಡದ ಸಿಪ್ಪೆ ಸುಲಿದ ಹಾಗೆ ಸುಲಿಯಿತು. ಯಾವ ದರ್ಜೆಯ ಪ್ಲೈಯೂ ತಾನೇ ಮಾಡು ಆಗುವುದಿಲ್ಲ.

ರಿಪೇರಿ

ಜುಲೈನಲ್ಲಿ ದೋಷ ಕಂಡರೆ ಪ್ಲೈ ಕೀಳಬೇಡಿ. ಟಾರ್ಪಾಲನ್ನು ಕೋಳಿನ ಆಚೆಗೂ ಹಾಯಿಸಿ, ಅಡಿಯಲ್ಲಿ ಬಿದಿರು ಕೊಟ್ಟು ಗಾಳಿಯಾಡುವಂತೆ ಕಟ್ಟಿ, ಒಳಗೆ ಸೀಲಿಂಗಿನ ಎರಡು ಕಡೆ ತೆರೆದು ಟೇಬಲ್ ಫ್ಯಾನ್ ಇಡಿ. ಮೇಲೆ ಹತ್ತುವವರು ಸ್ಕ್ರೂ ಸಾಲು ನೋಡಿಕೊಂಡು ಪೈಪಿನ ಮೇಲೇ ಹೆಜ್ಜೆ ಇಡಲಿ, ಕುಂಬಾದ ಪ್ಲೈ ಆಳು ಹೊರುವುದಿಲ್ಲ.

ಪಕ್ಕಾ ಕೆಲಸಕ್ಕೆ ಇಲ್ಲಿ ಸಿಗುವ ಸಮಯ ಬಹಳ ಕಡಿಮೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಒಣಹವೆ ಬರುತ್ತದೆ, ಆದರೆ ಆಳುಗಳೆಲ್ಲ ಕಾಫಿ ಕುಯ್ಲಿಗೆ. ಕುಯ್ಲು ಮುಗಿಯುವ ಹೊತ್ತಿಗೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ). ಹೇಗಾದರೂ ಮಾಡಿ ಫೆಬ್ರವರಿಯಲ್ಲಿ ಎರಡು ವಾರ ಹಿಡಿಯಿರಿ. ಕೆಟ್ಟ ಭಾಗವನ್ನು ಪೈಪಿನ ನಡುಮಧ್ಯಕ್ಕೆ ಬರುವ ಹಾಗೆ ಕತ್ತರಿಸಿ ತೆಗೆಯಿರಿ, ಅದರ ಮೇಲೆ ಹೊಸ ಹಾಳೆ ಹೊದಿಸಬೇಡಿ. ಕೊಳೆ ಅಡಿಯಿಂದ ಹೊಸದಕ್ಕೂ ಹತ್ತುತ್ತದೆ. ಅಂಚಿನಲ್ಲಿ ಆರಿಂಚಿಗೊಂದು, ನಡುವೆ ಅಡಿಗೊಂದು ಸ್ಕ್ರೂ. ಮೇಲೆ ಮೆಂಬ್ರೇನು (ನೀರು ತಡೆಯುವ ಹಾಳೆ), ಸೂರಿಗೆ ಡ್ರಿಪ್ ಎಡ್ಜ್.

ಗಾಳಿಗೆ ಸೂರಿನ ಕೆಳಗೆ ಜಾಲರಿ ಹಾಕಿದ ಸಂದಿ, ಕೋಳಿನಲ್ಲಿ ವೆಂಟು, ಎರಡೂ ಬೇಕು. ಒಂದೇ ಇದ್ದರೆ ಗಾಳಿ ಹರಿಯುವುದಿಲ್ಲ. ಅಟ್ಟದ ನೆಲದ ವಿಸ್ತೀರ್ಣದ 150ರಲ್ಲಿ ಒಂದು ಪಾಲು ತೆರವು ಅನ್ನುವುದು ಚಾಲ್ತಿಯ ಲೆಕ್ಕ: 900 ಚದರಡಿಗೆ ಒಟ್ಟು 6 ಚದರಡಿ. ಜಾಲರಿ ಸಣ್ಣ ಕಣ್ಣಿನದಿರಲಿ, ಇಲ್ಲದಿದ್ದರೆ ಬಾವಲಿ ಬಂದು ಸೇರುತ್ತದೆ.

ಹೋಂಸ್ಟೇಯಲ್ಲಿ ಮೂವತ್ತೆರಡು ಹಾಳೆಗಳಲ್ಲಿ ಹನ್ನೊಂದನ್ನು ಬದಲಿಸಿದೆವು, ಎಲ್ಲವೂ ಕೋಳಿನ ಎರಡೂ ಬದಿಯವು. ಎಕ್ಸಾಸ್ಟ್ ಮೂರಕ್ಕೂ ನಾಲ್ಕಿಂಚು ಪೈಪು ಹೊರಗೆ ಬಿಟ್ಟೆವು. ಈ ಜುಲೈ ಕೊನೆಗೆ, ಐದು ದಿನ ಸೂರ್ಯನ ಮುಖ ಕಾಣದ ವಾರದಲ್ಲಿ, ಹೋಗಿ ಮೀಟರ್ ಚುಚ್ಚಿದೆ: ಕೋಳಿನ ಬಳಿ 19, ಸೂರಿನ ಬಳಿ 18. ಹೊಸ ಮೊಳೆಗಳ ತುದಿ ಒಣಗಿತ್ತು. ಬಿಟ್ಟುಬಿಟ್ಟಿದ್ದ ಹಳೇ ಹಾಳೆಗಳಲ್ಲಿ ಎರಡರ ಏಣು ಹಾಗೇ ಇದೆ, ಅಂಗಳದಿಂದ ಕಾಣುತ್ತದೆ. ಅದನ್ನೂ ತೆಗೆಯಬೇಕಿತ್ತಲ್ಲ ಅಂತ ಮಾಲೀಕರು. ಗಟ್ಟಿ ಇದೆ, ಬರುವ ಫೆಬ್ರವರಿಗೆ ನೋಡೋಣ ಅಂದು ಬಂದಿದ್ದೇನೆ.